ರಟ್ಟು, ಕಡ್ಡಿ, ಮಣಿ: ಚೀಲದಲ್ಲಿ ಒಯ್ಯುವ ನೆರಳು ಗಡಿಯಾರ

ಬಿಸಿಲಿನಲ್ಲಿ ಒಂದು ಕೋಲು ನೆಟ್ಟರೆ ಗಡಿಯಾರವಾಯಿತು ಎಂದುಕೊಂಡವರೇ ಹೆಚ್ಚು. ನೆಟ್ಟು ನೋಡಿದವರಿಗೆ ಮಾತ್ರ ಅದು ಆಗುವ ಮಾತಲ್ಲ ಎಂದು ಗೊತ್ತು. ಇವತ್ತು ಬೆಳಿಗ್ಗೆ 9 ಗಂಟೆಗೆ ನೆರಳು ಬಿದ್ದ ಕಡೆ ಒಂದು ಗೆರೆ ಎಳೆದಿಡಿ. ಮೂರು ತಿಂಗಳು ಬಿಟ್ಟು ಅದೇ 9 ಗಂಟೆಗೆ ಬಂದು ನೋಡಿದರೆ ನೆರಳು ಗೆರೆ ಬಿಟ್ಟು ದೂರ ಮಲಗಿರುತ್ತದೆ. ಕೋಲು ನೆಟ್ಟಗೆ ನಿಂತಿರುವುದೇ ಇದಕ್ಕೆ ಕಾರಣ. ಸೂರ್ಯ ದಿನವಿಡೀ ಸುತ್ತುವುದು (ಸುತ್ತುವುದು ನಾವು, ಆದರೆ ಕಾಣುವುದು ಹಾಗೆ) ನಮ್ಮ ನೆತ್ತಿಯ ಸುತ್ತ ಅಲ್ಲ, ಭೂಮಿಯ ಅಕ್ಷದ ಸುತ್ತ. ಕೋಲನ್ನು ಆ ಅಕ್ಷಕ್ಕೆ ಸಮಾನಾಂತರವಾಗಿ ವಾಲಿಸಿಬಿಟ್ಟರೆ ವರ್ಷದ ಯಾವ ದಿನವಾದರೂ 9 ಗಂಟೆಯ ನೆರಳು ಒಂದೇ ಗೆರೆಯ ಮೇಲೆ ಬೀಳುತ್ತದೆ.

ಎಷ್ಟು ವಾಲಿಸಬೇಕು? ನೀವಿರುವ ಜಾಗದ ಅಕ್ಷಾಂಶ ಎಷ್ಟು ಡಿಗ್ರಿಯೋ, ಕೋಲು ನೆಲದಿಂದ ಅಷ್ಟೇ ಡಿಗ್ರಿ ಮೇಲೆದ್ದು ಉತ್ತರಕ್ಕೆ ಮುಖ ಮಾಡಿರಬೇಕು. 15 ಡಿಗ್ರಿ ಅಕ್ಷಾಂಶದಲ್ಲಿ ಅದು ಬಹುತೇಕ ಮಲಗಿರುತ್ತದೆ, 50ರಲ್ಲಿ ಅರ್ಧಕ್ಕಿಂತ ಹೆಚ್ಚು ಎದ್ದಿರುತ್ತದೆ.

ಇಷ್ಟಾದ ಮೇಲೂ ಒಯ್ಯುವ ಗಡಿಯಾರಕ್ಕೆ ಒಂದು ತೊಡಕು ಉಳಿಯುತ್ತದೆ. ಕಟ್ಟೆಯ ಮೇಲೆ ಕಾಯಂ ಆಗಿ ಕೂರಿಸಿದ ಗಡಿಯಾರಕ್ಕೆ ಉತ್ತರವನ್ನು ಒಮ್ಮೆ ತೋರಿಸಿಕೊಟ್ಟರೆ ಸಾಕು. ಚೀಲದಿಂದ ತೆಗೆದು ಎಲ್ಲೆಂದರಲ್ಲಿ ಇಡುವ ಗಡಿಯಾರಕ್ಕೆ ಪ್ರತಿ ಸಲವೂ ಉತ್ತರ ಯಾವುದು ಎಂದು ನಾವೇ ಹೇಳಬೇಕು. ದಿಕ್ಕು ಗೊತ್ತಿದ್ದರೆ ವೇಳೆ ಸಿಗುತ್ತದೆ, ವೇಳೆ ಗೊತ್ತಿದ್ದರೆ ದಿಕ್ಕು ಸಿಗುತ್ತದೆ. ಎರಡೂ ಗೊತ್ತಿಲ್ಲದವನ ಗತಿಯೇನು? 16 ಮತ್ತು 17ನೇ ಶತಮಾನಗಳಲ್ಲಿ ಜರ್ಮನಿಯ ನ್ಯೂರೆಂಬರ್ಗ್‌ನಲ್ಲಿ ದಂತದಿಂದ ಮಾಡುತ್ತಿದ್ದ ಮಡಚುವ ನೆರಳು ಗಡಿಯಾರಗಳು ಇದಕ್ಕೆ ಸುಲಭದ ದಾರಿ ಹಿಡಿದವು: ಒಳಗೇ ಒಂದು ಪುಟ್ಟ ದಿಕ್ಸೂಚಿ ಕೂರಿಸಿಬಿಟ್ಟರು. ಅದಕ್ಕೂ ಬಹಳ ಹಿಂದೆ ರೋಮನ್ನರು ಇನ್ನೊಂದು ದಾರಿ ಕಂಡುಕೊಂಡಿದ್ದರು. ಇಟಲಿಯ ಹರ್ಕ್ಯುಲೇನಿಯಂನಲ್ಲಿ ಜ್ವಾಲಾಮುಖಿ ಉಗುಳಿದ ಬೂದಿಯಡಿ ಹೂತಿದ್ದು 1755ರಲ್ಲಿ ಸಿಕ್ಕಿದ, ಹಂದಿಯ ತೊಡೆಯ ಆಕಾರದ ಕಂಚಿನ ಗಡಿಯಾರವನ್ನು ದಾರದಲ್ಲಿ ನೇತುಹಾಕಿ ಹಿಡಿಯಬೇಕಿತ್ತು. ಸೂರ್ಯ ಎಷ್ಟು ಎತ್ತರದಲ್ಲಿದ್ದಾನೆ ಎನ್ನುವುದಷ್ಟನ್ನೇ ಅದು ನೋಡುತ್ತಿತ್ತು, ದಿಕ್ಕಿನ ಗೊಡವೆ ಅದಕ್ಕೆ ಬೇಕಿರಲಿಲ್ಲ.

ಆ ಎರಡನೆಯ ದಾರಿಯಲ್ಲಿ ಒಂದು ಸುಳಿವಿದೆ. ನೆರಳು ನಮಗೆ ಎರಡು ಸಂಗತಿ ಹೇಳುತ್ತದೆ: ಅದು ಯಾವ ಕಡೆಗೆ ಚಾಚಿದೆ ಎನ್ನುವುದು ಒಂದು, ಎಲ್ಲಿ ಮುಗಿದಿದೆ ಎನ್ನುವುದು ಇನ್ನೊಂದು. ನಾವು ಸಾಮಾನ್ಯವಾಗಿ ಮೊದಲನೆಯದನ್ನು ಓದಿ ಎರಡನೆಯದನ್ನು ಬಿಟ್ಟುಬಿಡುತ್ತೇವೆ. ಎರಡನ್ನೂ ಓದಿದರೆ ದಿಕ್ಸೂಚಿಯೂ ಬೇಡ, ಕೈಗಡಿಯಾರವೂ ಬೇಡ. ಅದನ್ನು ಓದಿಸುವುದು ಕಡ್ಡಿಗೆ ಏರಿಸಿದ ಒಂದು ಮಣಿ.

ಮೊದಲು ಯಾವ ಬಗೆಯ ಗಡಿಯಾರ ಮಾಡಬೇಕು ಎನ್ನುವುದು. ಉದ್ಯಾನಗಳಲ್ಲಿ ಕಾಣುವ, ನೆಲಕ್ಕೆ ಸಮವಾಗಿ ಮಲಗಿದ ಹಲಗೆಯ ಗಡಿಯಾರವೇ ಎಲ್ಲರಿಗೂ ನೆನಪಾಗುವುದು. ಸಮಭಾಜಕಕ್ಕೆ ಹತ್ತಿರ ಇರುವವರು ಅದರ ತಂಟೆಗೆ ಹೋಗದಿರುವುದು ಮೇಲು. 15 ಡಿಗ್ರಿ ಅಕ್ಷಾಂಶಕ್ಕೆ ಲೆಕ್ಕ ಹಾಕಿದರೆ ಮಧ್ಯಾಹ್ನದ ಗೆರೆಯಿಂದ 1 ಗಂಟೆಯ ಗೆರೆ ಬರೀ 4 ಡಿಗ್ರಿ ದೂರ. 2 ಗಂಟೆಯದು ಎಂಟೂವರೆ, 3ರದ್ದು ಹದಿನಾಲ್ಕೂವರೆ, 4ರದ್ದು 24, 5ರದ್ದು 44 ಡಿಗ್ರಿ. ನಡುಹಗಲಿನ ಗೆರೆಗಳೆಲ್ಲ ಬಾಚಣಿಗೆಯ ಹಲ್ಲುಗಳ ಹಾಗೆ ಒತ್ತೊತ್ತಾಗಿ ನಿಂತು, ಸಂಜೆಯವು ಮಾತ್ರ ಕೈಕಾಲು ಚಾಚಿಕೊಂಡು ಮಲಗುತ್ತವೆ. ಇನ್ನೊಂದು ಊರಿಗೆ ಹೋದರೆ ಗೆರೆಗಳನ್ನೆಲ್ಲ ಅಳಿಸಿ ಹೊಸದಾಗಿ ಹಾಕಬೇಕು.

ಹಲಗೆಯನ್ನೂ ವಾಲಿಸಿ, ಕಡ್ಡಿಗೆ ಲಂಬವಾಗಿ ನಿಲ್ಲಿಸಿದರೆ ಈ ಎರಡು ರಗಳೆಯೂ ತೀರಿತು. ಆಗ ಹಲಗೆ ಭೂಮಿಯ ಸಮಭಾಜಕಕ್ಕೆ ಸಮಾನಾಂತರವಾಗುತ್ತದೆ. 24 ಗಂಟೆಗೆ 360 ಡಿಗ್ರಿಯಾದರೆ ಗಂಟೆಗೆ 15 ಡಿಗ್ರಿ. ಎಲ್ಲ ಗೆರೆಗಳೂ ಸಮದೂರ, ಯಾವ ಅಕ್ಷಾಂಶಕ್ಕೂ ಅವೇ ಗೆರೆ. ಬೇರೆ ಊರಿಗೆ ಹೋದರೆ ಬದಲಾಗುವುದು ಕಡ್ಡಿಯ ವಾಲು ಒಂದೇ. 18ನೇ ಶತಮಾನದಲ್ಲಿ ಸವಾಯಿ ಜೈಸಿಂಗ್ ಜೈಪುರದಲ್ಲಿ ಕಟ್ಟಿಸಿದ ಸಮ್ರಾಟ್ ಯಂತ್ರ ಇದೇ ಜಾತಿಯದು, ಗಾತ್ರದಲ್ಲಿ ಮಾತ್ರ ದೈತ್ಯ. ಅದರ ಕಡ್ಡಿ ಎಂದರೆ ಸುಮಾರು 27 ಮೀಟರ್ ಎತ್ತರದ ಕಲ್ಲಿನ ಇಳಿಜಾರು ಗೋಡೆ. ಅಲ್ಲಿ ನೆರಳು ಸೆಕೆಂಡಿಗೆ ಹೆಚ್ಚುಕಡಿಮೆ 1 ಮಿಲಿಮೀಟರ್ ಸರಿಯುವುದನ್ನು ಕಣ್ಣಾರೆ ನೋಡಬಹುದು. ನಮ್ಮದರಲ್ಲಿ 1 ಮಿಲಿಮೀಟರ್ ಸರಿಯಲು ಸುಮಾರು 6 ನಿಮಿಷ ಹಿಡಿಯುತ್ತದೆ.

ಬೇಕಾಗುವ ಸಾಮಾನು: 8 ಸೆಂಟಿಮೀಟರ್ ಚೌಕದ ಗಟ್ಟಿ ರಟ್ಟು, ಸ್ವೆಟರ್ ಹೆಣೆಯುವ ತೆಳು ಕಡ್ಡಿಯೋ ನೇರವಾದ ಬಿದಿರು ಕಡ್ಡಿಯೋ ಒಂದು, ಅದಕ್ಕೆ ಬಿಗಿಯಾಗಿ ಕೂರುವ ಎರಡು ಸಣ್ಣ ಮಣಿ, ಕೋನಮಾಪಕ, ಅಳತೆಪಟ್ಟಿ. ಮಣಿ ಸಿಗದಿದ್ದರೆ ದಾರವನ್ನು ನಾಲ್ಕು ಸುತ್ತು ಸುತ್ತಿ ಅಂಟು ಹಾಕಿದರೂ ನಡೆಯುತ್ತದೆ. ಪೆನ್ಸಿಲ್ ಬಳಸಬಹುದು, ಆದರೆ ಅದರ ನೆರಳು ದಪ್ಪ. ನೆರಳಿನ ನಡುಮಧ್ಯ ಎಲ್ಲಿ ಎಂದು ಊಹಿಸುವುದರಲ್ಲೇ ಕಾಲು ಗಂಟೆ ಆಚೀಚೆ ಆಗುತ್ತದೆ.

ರಟ್ಟಿನ ಮೂಲೆಗಳಿಂದ ಎದುರು ಮೂಲೆಗಳಿಗೆ ಎರಡು ಗೆರೆ ಎಳೆದು, ಅವು ಕೂಡುವಲ್ಲಿ ಕೇಂದ್ರ ಗುರುತಿಸಿ. ಕೇಂದ್ರದಿಂದ ಕೆಳಗಿನ ಅಂಚಿನ ನಡುವಿಗೆ ಬರುವ ಗೆರೆ 12. ಅದರ ಎರಡೂ ಪಕ್ಕ 15 ಡಿಗ್ರಿಗೊಂದರಂತೆ ಗೆರೆ ಎಳೆದರೆ ಅಡ್ಡಗೆರೆಯ ಎರಡು ತುದಿಗಳಲ್ಲಿ ಬೆಳಗಿನ 6 ಮತ್ತು ಸಂಜೆಯ 6 ಬರುತ್ತವೆ. ಅದರ ಮೇಲೂ ಒಂದೊಂದು ಗೆರೆ ಇರಲಿ, ಬೇಸಿಗೆಯಲ್ಲಿ ಸೂರ್ಯ 6ಕ್ಕೂ ಮೊದಲೇ ಏಳುತ್ತಾನೆ. ರಟ್ಟಿನ ಎರಡು ಮುಖಕ್ಕೂ ಗೆರೆ ಬೇಕು, ಏಕೆಂದರೆ ಮಾರ್ಚ್ 21ರ ಹೊತ್ತಿನಿಂದ ಸೆಪ್ಟೆಂಬರ್ 22ರ ಹೊತ್ತಿನವರೆಗೆ ಬಿಸಿಲು ರಟ್ಟಿನ ಉತ್ತರ ಮುಖಕ್ಕೆ ಬೀಳುತ್ತದೆ, ಉಳಿದ ಆರು ತಿಂಗಳು ದಕ್ಷಿಣ ಮುಖಕ್ಕೆ. ಗೆರೆಗಳ ತುದಿಯಲ್ಲಿ ಸೂಜಿ ಚುಚ್ಚಿದರೆ ಹಿಂದಿನ ಮುಖಕ್ಕೆ ಗುರುತು ತಾನಾಗಿ ಸಿಗುತ್ತದೆ.

ಎಚ್ಚರ ಬೇಕಾದದ್ದು ಅಂಕಿ ಬರೆಯುವಾಗ. ಉತ್ತರ ಮುಖವನ್ನು ಎದುರಿಗೆ ಹಿಡಿದು ನೋಡಿದರೆ ಬೆಳಗಿನ 6 ಬಲಗಡೆ, 12 ಕೆಳಗೆ, ಸಂಜೆಯ 6 ಎಡಗಡೆ. ದಕ್ಷಿಣ ಮುಖದಲ್ಲಿ ಇದು ತಿರುಗುಮುರುಗು: ಬೆಳಗಿನ 6 ಎಡಗಡೆ, ಸಂಜೆಯದು ಬಲಗಡೆ. ನಾನು ಮೊದಲ ಸಲ ಎರಡೂ ಕಡೆ ಒಂದೇ ರೀತಿ ಬರೆದು, ಬೆಳಗಿನ ತಿಂಡಿಯ ಹೊತ್ತಿಗೆ ಸಂಜೆ 4 ಗಂಟೆ ತೋರಿಸುವ ಗಡಿಯಾರದ ಒಡೆಯನಾಗಿದ್ದೆ.

ಇನ್ನು ಕಡ್ಡಿ. ಅದನ್ನು ಕೇಂದ್ರದಲ್ಲಿ ರಟ್ಟಿಗೆ ನೇರ ಲಂಬವಾಗಿ ತೂರಿಸಬೇಕು. ಕಡ್ಡಿಯ ಚೂಪು ತುದಿ ದಕ್ಷಿಣದ ಕಡೆ ನೆಲ ಮುಟ್ಟುತ್ತದೆ, ರಟ್ಟಿನ ಕೆಳಗಿನ ಅಂಚೂ ನೆಲ ಮುಟ್ಟುತ್ತದೆ. ಇವೆರಡರ ಮೇಲೆ ಇಡೀ ಗಡಿಯಾರ ತಾನಾಗಿ ನಿಲ್ಲುತ್ತದೆ. ಪಕ್ಕದಿಂದ ನೋಡಿದರೆ ನೆಲ, ಕಡ್ಡಿ, ರಟ್ಟು ಸೇರಿ ಒಂದು ಲಂಬಕೋನ ತ್ರಿಭುಜ. ರಟ್ಟಿನಿಂದ ಚೂಪು ತುದಿಯವರೆಗಿನ ಕಡ್ಡಿಯ ಉದ್ದವೇ ವಾಲನ್ನು ತೀರ್ಮಾನಿಸುವುದು. ಕೇಂದ್ರದಿಂದ ಕೆಳಗಿನ ಅಂಚಿಗೆ ಇರುವ 4 ಸೆಂಟಿಮೀಟರನ್ನು ಅಕ್ಷಾಂಶದ ಟ್ಯಾನ್ (ತ್ರಿಕೋನಮಿತಿಯ tan) ಬೆಲೆಯಿಂದ ಭಾಗಿಸಿದರೆ ಆ ಉದ್ದ ಸಿಗುತ್ತದೆ. 10 ಡಿಗ್ರಿಗೆ 22.7 ಸೆಂಟಿಮೀಟರ್, 15ಕ್ಕೆ 14.9, 20ಕ್ಕೆ 11, 30ಕ್ಕೆ 6.9, 40ಕ್ಕೆ 4.8. ಕಡ್ಡಿಯ ಮೇಲೆ ಈ ದೂರಗಳಿಗೆ ಗುರುತು ಹಾಕಿಟ್ಟರೆ ಹೋದ ಕಡೆಗೆ ತಕ್ಕಂತೆ ರಟ್ಟನ್ನು ಜಾರಿಸಿಕೊಳ್ಳಬಹುದು. ಉತ್ತರದ ಕಡೆ ಎರಡು ಸೆಂಟಿಮೀಟರ್ ಕಡ್ಡಿ ಹೊರಗಿದ್ದರೆ ಸಾಕು. ದಕ್ಷಿಣ ಗೋಳಾರ್ಧದಲ್ಲಿರುವವರು ಇಲ್ಲಿ ಹೇಳಿದ ಉತ್ತರವನ್ನೆಲ್ಲ ದಕ್ಷಿಣವೆಂದು ಓದಿಕೊಂಡು, ಎರಡೂ ಮುಖಗಳ ಅಂಕಿಗಳನ್ನು ಎಡಬಲ ಬದಲಿಸಿ, ಆ ಮುಖಗಳಿಗೆ ಹೇಳಿದ ದಿನಾಂಕಗಳನ್ನೂ (ಮುಂದೆ ಬರುವವನ್ನೂ ಸೇರಿಸಿ) ಅದಲುಬದಲು ಮಾಡಿಕೊಳ್ಳಬೇಕು.

ಈಗ ಮಣಿ. ರಟ್ಟಿನ ಎರಡೂ ಕಡೆ, ರಟ್ಟಿನಿಂದ ಸರಿಯಾಗಿ 7 ಮಿಲಿಮೀಟರ್ ದೂರದಲ್ಲಿ ಕಡ್ಡಿಯ ಮೇಲೆ ಒಂದೊಂದು ಮಣಿ ಕೂರಿಸಿ. ಅಳೆಯುವುದು ಮಣಿಯ ನಡುವಿಗೆ.

ಮಣಿ ಮಾಡುವ ಕೆಲಸ ಇದು. ಸೂರ್ಯ ಆಕಾಶದಲ್ಲಿ ಸಮಭಾಜಕದಿಂದ ಎಷ್ಟು ಡಿಗ್ರಿ ಉತ್ತರಕ್ಕೋ ದಕ್ಷಿಣಕ್ಕೋ ಸರಿದಿದ್ದಾನೆ ಎನ್ನುವುದಕ್ಕೆ ಕ್ರಾಂತಿ ಎನ್ನುತ್ತಾರೆ. ಜೂನ್ 21ರ ಹೊತ್ತಿಗೆ ಅದು ಉತ್ತರಕ್ಕೆ 23.4 ಡಿಗ್ರಿ, ಡಿಸೆಂಬರ್ 21ರ ಹೊತ್ತಿಗೆ ದಕ್ಷಿಣಕ್ಕೆ ಅಷ್ಟೇ. ಒಂದು ದಿನದೊಳಗೆ ಅದು ಬದಲಾಗುವುದು ತೀರಾ ಅತ್ಯಲ್ಪ. ನಮ್ಮ ರಟ್ಟು ಸಮಭಾಜಕಕ್ಕೆ ಸಮಾನಾಂತರವಾಗಿ ನಿಂತಿರುವುದರಿಂದ ಬಿಸಿಲು ರಟ್ಟಿಗೆ ಬೀಳುವ ಕೋನವೇ ಆ ದಿನದ ಕ್ರಾಂತಿ. ಅಂದರೆ ಮಣಿಯ ನೆರಳು ಬೆಳಿಗ್ಗೆಯಿಂದ ಸಂಜೆಯವರೆಗೆ ಕೇಂದ್ರದಿಂದ ಒಂದೇ ದೂರದಲ್ಲಿ ಇರಬೇಕು, ಕಂಬಕ್ಕೆ ಕಟ್ಟಿದ ಕರುವಿನ ಹಾಗೆ ಒಂದೇ ವೃತ್ತದಲ್ಲಿ ಸುತ್ತಬೇಕು. ಆ ವೃತ್ತದಿಂದ ಒಳಗೋ ಹೊರಗೋ ಬಿದ್ದಿದೆಯೆಂದರೆ ರಟ್ಟು ಸರಿಯಾದ ದಿಕ್ಕಿಗೆ ನಿಂತಿಲ್ಲ.

ಹಾಗಾಗಿ ದಿನಾಂಕದ ವೃತ್ತಗಳನ್ನು ಮೊದಲೇ ಎಳೆದಿಡಬೇಕು. ಉತ್ತರ ಮುಖದಲ್ಲಿ ಜೂನ್ 21ಕ್ಕೆ 16 ಮಿಲಿಮೀಟರ್ ತ್ರಿಜ್ಯದ ವೃತ್ತ. ಮೇ 20 ಮತ್ತು ಜುಲೈ 23ಕ್ಕೆ 19. ಮೇ 1 ಮತ್ತು ಆಗಸ್ಟ್ 12ಕ್ಕೆ 26. ಏಪ್ರಿಲ್ 16 ಮತ್ತು ಆಗಸ್ಟ್ 28ಕ್ಕೆ ಹತ್ತಿರ ಹತ್ತಿರ 40, ಅಂದರೆ ರಟ್ಟಿನ ಅಂಚೇ. ದಕ್ಷಿಣ ಮುಖದಲ್ಲಿ ಇವೇ ವೃತ್ತಗಳು, ದಿನಾಂಕ ಮಾತ್ರ ಬೇರೆ: ಡಿಸೆಂಬರ್ 21ಕ್ಕೆ 16, ನವೆಂಬರ್ 22 ಮತ್ತು ಜನವರಿ 21ಕ್ಕೆ 19, ನವೆಂಬರ್ 3 ಮತ್ತು ಫೆಬ್ರವರಿ 8ಕ್ಕೆ 26, ಅಕ್ಟೋಬರ್ 20 ಮತ್ತು ಫೆಬ್ರವರಿ 22ಕ್ಕೆ 40. ನಡುವಿನ ದಿನಗಳನ್ನು ಕಣ್ಣಂದಾಜಿನಲ್ಲಿ ಹಿಡಿಯಬಹುದು. ಜೂನ್ ಮತ್ತು ಡಿಸೆಂಬರ್‌ನಲ್ಲಿ ಸೂರ್ಯ ತಿರುಗುವ ಮುನ್ನ ಬಹುತೇಕ ನಿಂತೇಬಿಡುವುದರಿಂದ ಆಗ ಸುಮಾರು ಒಂದು ತಿಂಗಳು ಒಂದೇ ವೃತ್ತದಿಂದ ಕೆಲಸ ನಡೆಯುತ್ತದೆ.

ಬಳಸುವ ಬಗೆ ಹೀಗೆ. ಸಮತಟ್ಟಾದ ಜಾಗದಲ್ಲಿ ಗಡಿಯಾರ ಇಡಿ. ಸಮತಟ್ಟು ಹೌದೋ ಅಲ್ಲವೋ ಎಂದು ಒಂದು ಗೋಲಿ ಬಿಟ್ಟು ನೋಡಿದರೆ ತಿಳಿಯುತ್ತದೆ. ಕಡ್ಡಿಯ ಎತ್ತಿದ ತುದಿ ಉತ್ತರ ಇರಬಹುದಾದ ಕಡೆಗಿರಲಿ. ಈಗ ಇಡೀ ಗಡಿಯಾರವನ್ನು ನಿಧಾನವಾಗಿ ಎಡಕ್ಕೆ ಬಲಕ್ಕೆ ತಿರುಗಿಸುತ್ತ ಹೋದರೆ ಮಣಿಯ ನೆರಳು ಕೇಂದ್ರದ ಕಡೆಗೆ ಬರುತ್ತದೆ, ದೂರ ಹೋಗುತ್ತದೆ. ಅದು ಇವತ್ತಿನ ವೃತ್ತದ ಮೇಲೆ ಬಂದು ಕೂತ ಕ್ಷಣ ನಿಲ್ಲಿಸಿ. ಕಡ್ಡಿ ತೋರಿಸುವುದು ಉತ್ತರ, ನೆರಳು ಬಿದ್ದ ಗೆರೆ ವೇಳೆ. ಎರಡೂ ಒಟ್ಟಿಗೆ.

ಒಂದು ಮೋಸ ಇದೆ. ಮಣಿಯ ನೆರಳು ವೃತ್ತ ಮುಟ್ಟುವ ನಿಲುವು ಒಂದಲ್ಲ, ಎರಡು. ಬೆಳಗಿನ 9 ಗಂಟೆ ತೋರಿಸುವ ನಿಲುವು ಒಂದಾದರೆ ಮಧ್ಯಾಹ್ನದ 3 ತೋರಿಸುವುದು ಇನ್ನೊಂದು. ಸೂರ್ಯ ಆ ಎರಡೂ ಹೊತ್ತಿನಲ್ಲಿ ಒಂದೇ ಎತ್ತರದಲ್ಲಿರುವುದರಿಂದ ಪಾಪ ರಟ್ಟಿಗೆ ವ್ಯತ್ಯಾಸ ತಿಳಿಯುವುದಿಲ್ಲ. ಈಗ ಬೆಳಿಗ್ಗೆಯೋ ಮಧ್ಯಾಹ್ನ ಕಳೆದಿದೆಯೋ ಎನ್ನುವಷ್ಟನ್ನು ನೀವು ತಿಳಿದಿರಬೇಕು. ನಡುಹಗಲು ಸಮೀಪಿಸಿದ ಹಾಗೆ ಈ ಎರಡು ನಿಲುವುಗಳು ಹತ್ತಿರ ಬಂದು ಒಂದರೊಳಗೊಂದು ಸೇರಿಬಿಡುತ್ತವೆ. ಆಗ ಗಡಿಯಾರವನ್ನು ಕೊಂಚ ತಿರುಗಿಸಿದರೂ ಮಣಿಯ ನೆರಳು ಕದಲುವುದಿಲ್ಲ. 11ರಿಂದ 1ರವರೆಗೆ ಈ ಉಪಾಯವನ್ನು ನಂಬಬೇಡಿ. ಬೆಳಗಿನ ಎಂಟಕ್ಕೋ ಸಂಜೆಯ ನಾಲ್ಕಕ್ಕೋ ಇದನ್ನು ಹಿಡಿಯುವವರಿಲ್ಲ. ಆಗ ಒಂದೆರಡು ಡಿಗ್ರಿ ತಿರುಗಿಸಿದರೂ ಮಣಿ ವೃತ್ತ ಬಿಟ್ಟು ಹೋಗುವುದು ಕಾಣುತ್ತದೆ.

ಮಣಿ ಇಲ್ಲದೆಯೂ ದಿಕ್ಕು ಹುಡುಕಬಹುದಲ್ಲ, ಕೈಗಡಿಯಾರ ನೋಡಿ ನೆರಳನ್ನು ಆ ಗಂಟೆಯ ಗೆರೆಗೆ ತಂದರಾಯಿತು ಎಂದು ಕೇಳಬಹುದು. ದೂರದ ಅಕ್ಷಾಂಶಗಳಲ್ಲಿ ಇದು ಚೆನ್ನಾಗಿ ನಡೆಯುತ್ತದೆ. ಸಮಭಾಜಕಕ್ಕೆ ಹತ್ತಿರ ಬಂದ ಹಾಗೆ ಹಳ್ಳ ಹಿಡಿಯುತ್ತದೆ, ಕಾರಣ ತಿಳಿಯಲು ಸೊಗಸಾಗಿದೆ. ಹಗಲು ರಾತ್ರಿ ಸಮವಾಗಿರುವ ದಿನಗಳಲ್ಲಿ, 15 ಡಿಗ್ರಿ ಅಕ್ಷಾಂಶದಲ್ಲಿ ಗಡಿಯಾರವನ್ನು ಪೂರಾ 10 ಡಿಗ್ರಿ ತಪ್ಪು ದಿಕ್ಕಿಗೆ ಇಟ್ಟರೂ ವೇಳೆಯಲ್ಲಿ ಬರುವ ತಪ್ಪು ಸುಮಾರು 10 ನಿಮಿಷ ಮಾತ್ರ. ಅದೇ 50 ಡಿಗ್ರಿ ಅಕ್ಷಾಂಶದಲ್ಲಿ ತಪ್ಪು ಅರ್ಧ ಗಂಟೆ. ಕಡ್ಡಿ ನೆಲಕ್ಕೆ ಹತ್ತಿರ ಮಲಗಿದಷ್ಟೂ ಗಡಿಯಾರ ದಿಕ್ಕಿನ ತಪ್ಪನ್ನು ಮನ್ನಿಸುತ್ತದೆ. ವೇಳೆ ನೋಡುವವನಿಗೆ ಇದು ವರ. ದಿಕ್ಕು ಹುಡುಕುವವನಿಗೆ ಅದೇ ಶಾಪ: ವೇಳೆಯಲ್ಲಿ 10 ನಿಮಿಷ ಆಚೀಚೆಯಾದರೆ ದಿಕ್ಕು 10 ಡಿಗ್ರಿ ತಪ್ಪಿತು. ಕೈಗಡಿಯಾರದ ಗಂಟೆ ಮುಳ್ಳನ್ನು ಸೂರ್ಯನ ಕಡೆ ತಿರುಗಿಸಿ, ಅದಕ್ಕೂ 12ಕ್ಕೂ ನಡುವಿನ ಕೋನದ ಅರ್ಧವೇ ದಕ್ಷಿಣ ಎನ್ನುವ ಹೆಸರಾಂತ ಉಪಾಯವನ್ನೂ ಉಷ್ಣವಲಯದಲ್ಲಿ ನೆಚ್ಚಿಕೊಳ್ಳಬಾರದು. ಮಧ್ಯಾಹ್ನ ಸೂರ್ಯ ನೆತ್ತಿಯ ಹತ್ತಿರ ಹಾದುಹೋಗುವಾಗ ಒಂದೆರಡು ಗಂಟೆಯೊಳಗೆ ಪೂರ್ವದಿಂದ ಪಶ್ಚಿಮಕ್ಕೆ ಹಾರಿಬಿಡುತ್ತಾನೆ. 15 ಡಿಗ್ರಿ ಉತ್ತರದಲ್ಲಿ ಮೇ 1ರ ಹೊತ್ತಿನಿಂದ ಆಗಸ್ಟ್ 12ರ ಹೊತ್ತಿನವರೆಗೆ ನಡುಹಗಲಿನ ಸೂರ್ಯ ದಕ್ಷಿಣದಲ್ಲೇ ಇರುವುದಿಲ್ಲ, ಉತ್ತರದಲ್ಲಿರುತ್ತಾನೆ!

ಗಡಿಯಾರ ತೋರಿಸಿದ ವೇಳೆ ಕೈಗಡಿಯಾರಕ್ಕೆ ಹೊಂದುವುದಿಲ್ಲ ಎಂದು ಗಾಬರಿಯಾಗಬೇಡಿ. ನೆರಳು ಹೇಳುವುದು ನೀವು ನಿಂತ ಜಾಗದ ಸೂರ್ಯನ ವೇಳೆ. ಕೈಗಡಿಯಾರ ಹೇಳುವುದು ಯಾವುದೋ ಒಂದು ರೇಖಾಂಶಕ್ಕೆ ಇಡೀ ದೇಶ ಒಪ್ಪಿಕೊಂಡ ವೇಳೆ. ಆ ರೇಖಾಂಶದಿಂದ ನೀವು ಪಶ್ಚಿಮಕ್ಕೆ ಇದ್ದರೆ ಡಿಗ್ರಿಗೆ 4 ನಿಮಿಷದಂತೆ ಕೂಡಬೇಕು, ಪೂರ್ವಕ್ಕಿದ್ದರೆ ಕಳೆಯಬೇಕು. ದೇಶದ ವೇಳೆ 82.5 ಡಿಗ್ರಿ ರೇಖಾಂಶದ್ದಾಗಿದ್ದು ನೀವು 75 ಡಿಗ್ರಿಯಲ್ಲಿದ್ದರೆ ಏಳೂವರೆ ಡಿಗ್ರಿಗೆ 30 ನಿಮಿಷ ಕೂಡಬೇಕು.

ಇನ್ನೊಂದು ತಿದ್ದುಪಡಿ ದಿನದಿಂದ ದಿನಕ್ಕೆ ಬದಲಾಗುತ್ತದೆ. ಭೂಮಿ ಸೂರ್ಯನನ್ನು ಸುತ್ತುವ ದಾರಿ ಪೂರ್ತಿ ವೃತ್ತವಲ್ಲ. ಜನವರಿ ಆರಂಭದಲ್ಲಿ ಹತ್ತಿರ ಬಂದು ಬೇಗ ಓಡುತ್ತದೆ, ಜುಲೈ ಆರಂಭದಲ್ಲಿ ದೂರ ಹೋಗಿ ನಿಧಾನವಾಗುತ್ತದೆ. ಅದರ ಅಕ್ಷವೂ ವಾಲಿದೆ. ಇವೆರಡರ ಜಗ್ಗಾಟದಲ್ಲಿ ಸೂರ್ಯ ಕೆಲವು ತಿಂಗಳು ಗಡಿಯಾರಕ್ಕಿಂತ ಮುಂದೆ, ಕೆಲವು ತಿಂಗಳು ಹಿಂದೆ. ಫೆಬ್ರವರಿ 11ರ ಸುಮಾರಿಗೆ ನೆರಳು 14 ನಿಮಿಷ ಹಿಂದಿರುತ್ತದೆ, ಆದ್ದರಿಂದ ಕೂಡಬೇಕು. ಮೇ ನಡುವಿನಲ್ಲಿ ಸುಮಾರು 4 ನಿಮಿಷ ಮುಂದೆ, ಜುಲೈ ಕೊನೆಯಲ್ಲಿ ಆರೂವರೆ ನಿಮಿಷ ಹಿಂದೆ, ನವೆಂಬರ್ 3ರ ಸುಮಾರಿಗೆ 16 ನಿಮಿಷ ಮುಂದೆ. ಏಪ್ರಿಲ್ 15, ಜೂನ್ 13, ಸೆಪ್ಟೆಂಬರ್ 1, ಡಿಸೆಂಬರ್ 25ರ ಹೊತ್ತಿಗೆ ಇಬ್ಬರೂ ರಾಜಿ. ಮೇಲಿನ 75 ಡಿಗ್ರಿಯ ಜಾಗದಲ್ಲೇ ಲೆಕ್ಕ ಹಾಕಿದರೆ ನೆರಳು 12 ತೋರಿಸುವಾಗ ಕೈಗಡಿಯಾರ ಫೆಬ್ರವರಿಯಲ್ಲಿ 12:44 ಎನ್ನುತ್ತದೆ, ನವೆಂಬರ್‌ನಲ್ಲಿ 12:14. ಈ ನಾಲ್ಕಾರು ಅಂಕಿಗಳನ್ನು ರಟ್ಟಿನ ಮೇಲ್ಭಾಗದ ಖಾಲಿ ಜಾಗದಲ್ಲಿ ಬರೆದಿಟ್ಟುಕೊಳ್ಳುವುದು ಒಳ್ಳೆಯದು, ನೆನಪಿನಲ್ಲಿ ಇರುವುದಿಲ್ಲ.

ಈ ಗಡಿಯಾರದ ದೊಡ್ಡ ಕೊರತೆ ಮಾರ್ಚ್ ಮತ್ತು ಸೆಪ್ಟೆಂಬರ್‌ನದು. ಆಗ ಬಿಸಿಲು ರಟ್ಟಿನ ಅಂಚನ್ನು ಸವರಿಕೊಂಡು ಹೋಗುತ್ತದೆ. ಮಣಿಯ ನೆರಳು ರಟ್ಟಿನಾಚೆ ಬೀಳುತ್ತದೆ, ಹಗಲು ರಾತ್ರಿ ಸಮವಾಗುವ ವಿಷುವದ ಆಚೀಚೆಯ ಕೆಲವು ದಿನ ಕಡ್ಡಿಯ ನೆರಳೂ ಕಾಣುವುದಿಲ್ಲ. ರಟ್ಟಿನ ಅಂಚಿಗೆ, ಕಡ್ಡಿಗೆ ಸಮಾನಾಂತರವಾಗಿ ಎರಡು ಬೆರಳಗಲದ ಕಾಗದದ ಪಟ್ಟಿಯೊಂದನ್ನು ಒಡ್ಡಿದರೆ ಕಡ್ಡಿಯ ನೆರಳು ಅದರ ಮೇಲೆ ಬೀಳುತ್ತದೆ, ವೇಳೆ ಓದಬಹುದು.

ದಿಕ್ಕಿಗೆ ಆ ವಾರಗಳಲ್ಲಿ ಹಳೆಯ ಶಂಕುವೇ ಗತಿ. ನೆಟ್ಟಗೆ ಒಂದು ಕೋಲು ನಿಲ್ಲಿಸಿ ಅದರ ಬುಡವನ್ನು ಕೇಂದ್ರ ಮಾಡಿ ಒಂದು ವೃತ್ತ ಎಳೆಯಿರಿ. ಬೆಳಿಗ್ಗೆ ನೆರಳಿನ ತುದಿ ವೃತ್ತದೊಳಗೆ ಬರುವ ಜಾಗಕ್ಕೂ ಮಧ್ಯಾಹ್ನದ ಮೇಲೆ ಹೊರಗೆ ಹೋಗುವ ಜಾಗಕ್ಕೂ ಗುರುತು ಹಾಕಿ ಕೂಡಿಸಿದರೆ ಅದೇ ಪೂರ್ವ ಪಶ್ಚಿಮ ಗೆರೆ. ಯಜ್ಞವೇದಿಗಳ ಅಳತೆ ಹೇಳುವ ಪ್ರಾಚೀನ ಶುಲ್ಬಸೂತ್ರಗಳ ಕಾಲದಿಂದ ಗೊತ್ತಿದ್ದ ಈ ವಿಧಾನವನ್ನು ಅರಬ್ ಖಗೋಳಜ್ಞರು ಹಿಂದೂಸ್ತಾನದ ವೃತ್ತ ಎಂದೇ ಕರೆದರು. ಅರ್ಧ ದಿನ ಕಾಯಬೇಕು ಎನ್ನುವುದನ್ನು ಬಿಟ್ಟರೆ ಇದರಲ್ಲಿ ಕುಂದಿಲ್ಲ.

ನೀವು ಮಾಡಿದ್ದು ಸರಿಯಾಗಿದೆಯೇ ಎಂದು ನೋಡಲು ದಿಕ್ಸೂಚಿ ತರಬೇಡಿ. ಅದು ತೋರಿಸುವುದು ಕಾಂತೀಯ ಉತ್ತರ. ಕೆಲವು ಪ್ರದೇಶಗಳಲ್ಲಿ ಅದು ನಿಜ ಉತ್ತರದಿಂದ ಹತ್ತಾರು ಡಿಗ್ರಿ ದೂರ. ಹತ್ತಿರ ಒಂದು ಕಬ್ಬಿಣದ ಮೇಜಿದ್ದರೆ ಮೊಬೈಲಿನ ದಿಕ್ಸೂಚಿ ಏನು ಬೇಕಾದರೂ ಹೇಳುತ್ತದೆ. ಬದಲಿಗೆ ಸಂಜೆ ನಾಲ್ಕರ ಸುಮಾರಿಗೆ ಮಣಿಯನ್ನು ವೃತ್ತಕ್ಕೆ ಹೊಂದಿಸಿ, ಗಡಿಯಾರವನ್ನು ಎತ್ತರದ ಕಟ್ಟೆಯ ಅಂಚಿನಲ್ಲಿ ಹಾಗೆಯೇ ಬಿಟ್ಟುಬಿಡಿ. ಕತ್ತಲಾದ ಮೇಲೆ ಬಂದು, ಚೂಪು ತುದಿಯ ಕಡೆಯಿಂದ ಕಟ್ಟೆಗೆ ಕೆನ್ನೆ ತಾಗಿಸಿ, ಕಡ್ಡಿಯ ಉದ್ದಕ್ಕೂ ನೋಡಿ. ರಟ್ಟು ಅಡ್ಡ ಬರುತ್ತದೆ. ತಲೆಯನ್ನು ಕೂದಲೆಳೆಯಷ್ಟು ಪಕ್ಕಕ್ಕೆ ಸರಿಸಿ ಕಡ್ಡಿ ಚಾಚಿದ ನೇರವನ್ನೇ ಹಿಡಿದು ಹೋದರೆ, ಅಷ್ಟೇನೂ ಹೊಳೆಯದ ಒಂಟಿ ನಕ್ಷತ್ರವೊಂದು ಸಿಗುತ್ತದೆ. ಅದು ಧ್ರುವ. ನಿಜವಾದ ಧ್ರುವಬಿಂದುವಿನಿಂದ ಅದು 1 ಡಿಗ್ರಿಗಿಂತ ಕಡಿಮೆ ದೂರ. ನಮ್ಮ ರಟ್ಟಿನ ತಪ್ಪು ಅದಕ್ಕಿಂತ ಹೆಚ್ಚು.